ನೀಟ್ ಓದು ಶುರು ಮಾಡೋದು ಹೇಗೆ? ಧಾರವಾಡ, ಗದಗ, ಹಾವೇರಿ ಕಡೆಯ ಪಿಯು ವಿದ್ಯಾರ್ಥಿಗಳಿಗೆ ಸಮಗ್ರ ಮಾರ್ಗದರ್ಶಿ

ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದ ವಾರ ನಮ್ಮ ಕಡೆ ಪಾಲಕರು ಕೇಳುವ ಪ್ರಶ್ನೆ ಒಂದೇ. "ಸರ್, ಮಗಳನ್ನ ಡಾಕ್ಟರ್ ಓದಿಸಬೇಕು ಅಂತ ಮಾಡೀವಿ, ಯಾವ ಕೋಚಿಂಗಿಗೆ ಹಾಕೋಣ?" ನಾನು ಪಿಯುದಲ್ಲಿ ಜೀವಶಾಸ್ತ್ರ ಕಲಿಸುವವನು. ಈ ಪ್ರಶ್ನೆಗೆ ನನ್ನ ಉತ್ತರವೂ ಒಂದೇ: ಕೋಚಿಂಗ್ ಆಮೇಲೆ ನೋಡೋಣ, ಮೊದಲು ಮಗು ಪುಸ್ತಕ ಓದುವುದನ್ನು ಕಲಿಯಲಿ. ಪುಟ ತಿರುಗಿಸುವುದಲ್ಲ, ಒಂದೊಂದು ಸಾಲಿನಲ್ಲೂ ಪ್ರಶ್ನೆ ಹುಡುಕುತ್ತಾ ಓದುವುದು. ಫಸ್ಟ್ ಪಿಯುದ ಮೊದಲ ಮೂರು ತಿಂಗಳಲ್ಲಿ ಈ ಅಭ್ಯಾಸ ಕೂತರೆ ಅಣ್ಣಿಗೇರಿಯಲ್ಲಿದ್ದರೂ ಸವಣೂರಿನಲ್ಲಿದ್ದರೂ ದಾರಿ ತೆರೆಯುತ್ತದೆ. ಕೂರದಿದ್ದರೆ ಲಕ್ಷಗಟ್ಟಲೆ ಫೀ ಕಟ್ಟಿದ ಮಕ್ಕಳೂ ಸೆಕೆಂಡ್ ಪಿಯುದಲ್ಲಿ ಕಂಗಾಲಾಗುತ್ತಾರೆ.

ಹಾಗಾಗಿ ಇಲ್ಲಿ ಹೆಚ್ಚು ಹೇಳುವುದು ಶುರುವಿನ ಬಗ್ಗೆ. ಕೊನೆಯ ತಿಂಗಳ ಓದಿನ ಬಗ್ಗೆ ಹೇಳುವವರು ಬೇಕಾದಷ್ಟು ಮಂದಿ ಇದ್ದಾರೆ.

ಮೊದಲು ಪರೀಕ್ಷೆ ಏನೆಂದು ತಿಳಿಯಿರಿ

ಎಂಬಿಬಿಎಸ್ ಸೀಟಿಗೆ ದೇಶಕ್ಕೆಲ್ಲಾ ಒಂದೇ ಪ್ರವೇಶ ಪರೀಕ್ಷೆ, ನೀಟ್ ಯುಜಿ. ದಂತ ವೈದ್ಯಕೀಯ, ಆಯುರ್ವೇದ, ಹೋಮಿಯೋಪಥಿಗೂ ಇದೇ. 2019ರಿಂದ ಎನ್‌ಟಿಎ (ರಾಷ್ಟ್ರೀಯ ಪರೀಕ್ಷಾ ಸಂಸ್ಥೆ) ನಡೆಸುತ್ತಿದೆ. 2025ರಲ್ಲಿ ಬಂದ ಮಾದರಿ ಹೀಗಿದೆ: 180 ಪ್ರಶ್ನೆ, 180 ನಿಮಿಷ, 720 ಅಂಕ. ಭೌತಶಾಸ್ತ್ರ 45, ರಸಾಯನಶಾಸ್ತ್ರ 45, ಜೀವಶಾಸ್ತ್ರ 90. ಸರಿ ಉತ್ತರಕ್ಕೆ 4 ಅಂಕ, ತಪ್ಪಿಗೆ 1 ಅಂಕ ಕಡಿತ, ಬಿಟ್ಟರೆ ಏನೂ ಇಲ್ಲ. ಅದಕ್ಕೂ ಮುಂಚೆ ಕೆಲವು ವರ್ಷ 200 ಪ್ರಶ್ನೆ ಕೊಟ್ಟು 180ಕ್ಕೆ ಉತ್ತರಿಸಲು ಹೇಳುತ್ತಿದ್ದರು. ಆ ಆಯ್ಕೆ ಈಗಿಲ್ಲ. ಹಳೇ ವಿಡಿಯೋ ನೋಡಿ ಗೊಂದಲ ಮಾಡಿಕೊಳ್ಳಬೇಡಿ. ನೀವು ಬರೆಯುವ ವರ್ಷದ ಮಾಹಿತಿ ಪುಸ್ತಿಕೆ ಬಂದ ದಿನವೇ ಇಳಿಸಿಕೊಂಡು ಪೂರ್ತಿ ಓದಿ.

ಈ ಅಂಕೆಗಳಲ್ಲಿ ಒಂದನ್ನು ತಲೆಯಲ್ಲಿ ಇಟ್ಟುಕೊಳ್ಳಿ: ಅರ್ಧ ಪರೀಕ್ಷೆ ಜೀವಶಾಸ್ತ್ರ. 720ರಲ್ಲಿ 360. ಇಬ್ಬರಿಗೆ ಒಂದೇ ಅಂಕ ಬಂದರೂ ಮೊದಲು ನೋಡುವುದು ಜೀವಶಾಸ್ತ್ರದ ಅಂಕವನ್ನೇ. ಇನ್ನೊಂದು ಮಾತು. ಪಠ್ಯದ ಅರ್ಧದಷ್ಟು ಬರುವುದು 11ನೇ ತರಗತಿಯಿಂದ. "ಫಸ್ಟ್ ಪಿಯು ಆರಾಮಾಗಿ ಇರು, ಸೆಕೆಂಡ್ ಪಿಯುದಲ್ಲಿ ಕಷ್ಟಪಡು" ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಸೆಕೆಂಡ್ ಪಿಯುದಲ್ಲಿ ಬೋರ್ಡ್ ಪರೀಕ್ಷೆ, ಪ್ರಾಯೋಗಿಕ ಪರೀಕ್ಷೆ, ರೆಕಾರ್ಡ್ ಅಂತ ಹೋಗಿ ಹಳೆಯದನ್ನು ಮೊದಲಿನಿಂದ ಕಲಿಯಲು ಸಮಯ ಉಳಿಯುವುದೇ ಇಲ್ಲ.

ಪರೀಕ್ಷೆ ಬರೆಯುವ ವರ್ಷದ ಡಿಸೆಂಬರ್ 31ಕ್ಕೆ 17 ವರ್ಷ ತುಂಬಿರಬೇಕು. ಪಿಯುದಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಮೂರೂ ಸೇರಿ ಸಾಮಾನ್ಯ ವರ್ಗಕ್ಕೆ 50%, ಎಸ್‌ಸಿ, ಎಸ್‌ಟಿ, ಒಬಿಸಿಗೆ 40% ಬೇಕು. ಎಷ್ಟು ಸಲ ಬೇಕಾದರೂ ಬರೆಯಬಹುದು.

ಪಾಸಾಗುವುದು ಬೇರೆ, ಸೀಟು ಬೇರೆ

ಈ ವ್ಯತ್ಯಾಸ ಪಾಲಕರಿಗೆ ಗೊತ್ತಿರಲೇಬೇಕು. 2025ರಲ್ಲಿ ದೇಶದಲ್ಲಿ 22 ಲಕ್ಷಕ್ಕೂ ಹೆಚ್ಚು ಮಕ್ಕಳು ನೀಟ್ ಬರೆದರು, 12 ಲಕ್ಷಕ್ಕೂ ಹೆಚ್ಚು ಮಕ್ಕಳು ಅರ್ಹರಾದರು. ಸಾಮಾನ್ಯ ವರ್ಗಕ್ಕೆ ಅರ್ಹತೆಯ ಗೆರೆ 144 ಅಂಕ. ಆದರೆ 144 ಅಂಕಕ್ಕೆ ಸರ್ಕಾರಿ ಸೀಟು ಸಿಗುವುದಿಲ್ಲ. ಅದು ಬರೀ ಬಾಗಿಲ ಒಳಗೆ ಬರಲು ಅನುಮತಿ, ಅಷ್ಟೇ.

ಅಂಕದ ಹಿಂದೆ ಬೀಳಬೇಡಿ, ರ್ಯಾಂಕ್ ನೋಡಿ. 2024ರಲ್ಲಿ 720ಕ್ಕೆ 720 ತೆಗೆದವರೇ ಹಲವರು ಇದ್ದರು. 2025ರಲ್ಲಿ ಭೌತಶಾಸ್ತ್ರ ಕಠಿಣವಾಯಿತು, ದೇಶಕ್ಕೆ ಮೊದಲು ಬಂದವರ ಅಂಕವೇ 686. ಒಂದೇ ಅಂಕಕ್ಕೆ ಈ ಎರಡು ವರ್ಷಗಳಲ್ಲಿ ಸಿಕ್ಕ ರ್ಯಾಂಕ್ ನಡುವೆ ಅಜಗಜಾಂತರ. ಪಕ್ಕದ ಮನೆ ಹುಡುಗನ ಹೋದ ವರ್ಷದ ಅಂಕ ನಿಮ್ಮ ಗುರಿಯಾಗಬಾರದು.

ನಮ್ಮ ಮೂರು ಜಿಲ್ಲೆಗಳಲ್ಲೇ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ ಅನ್ನುವುದು ಖುಷಿಯ ವಿಚಾರ. ಹುಬ್ಬಳ್ಳಿಯಲ್ಲಿ 1957ರಲ್ಲಿ ಶುರುವಾದ ಕರ್ನಾಟಕ ಮೆಡಿಕಲ್ ಕಾಲೇಜು ಇದೆ. ಜನರ ಬಾಯಲ್ಲಿ ಅದು ಇಂದಿಗೂ ಕಿಮ್ಸ್. ಗದಗದ ಮಲ್ಲಸಮುದ್ರದಲ್ಲಿ 2015ರಿಂದ ಜಿಮ್ಸ್ ಇದೆ. ಹಾವೇರಿಯಲ್ಲಿ 2022ರಲ್ಲಿ ಶುರುವಾಯಿತು. ಧಾರವಾಡದ ಸತ್ತೂರಿನ ಎಸ್‌ಡಿಎಂ ಖಾಸಗಿ ವಿಶ್ವವಿದ್ಯಾಲಯ, ಅದರ ಸೀಟು ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಕೌನ್ಸೆಲಿಂಗ್ ಮೂಲಕ. ಸರ್ಕಾರಿ ಕಾಲೇಜುಗಳ 15% ಸೀಟು ಅಖಿಲ ಭಾರತ ಕೋಟಾ, ಅದನ್ನು ಕೇಂದ್ರದ ಎಂಸಿಸಿ (ವೈದ್ಯಕೀಯ ಕೌನ್ಸೆಲಿಂಗ್ ಸಮಿತಿ) ಹಂಚುತ್ತದೆ. ಉಳಿದ 85% ರಾಜ್ಯದ್ದು, ಕೆಇಎ ಹಂಚುತ್ತದೆ. ಗದಗದವರು ಅಂತ ಜಿಮ್ಸ್‌ನಲ್ಲಿ ಪ್ರತ್ಯೇಕ ಸೀಟು ಇರುವುದಿಲ್ಲ, ಇಡೀ ರಾಜ್ಯದ ಮಕ್ಕಳ ಜೊತೆ ಸ್ಪರ್ಧೆ. ಹಾಗೆಯೇ ಸಂವಿಧಾನದ 371ಜೆ ವಿಧಿಯ ಮೀಸಲಾತಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳಿಗೆ ಮಾತ್ರ. ಗಡಿಯಾಚೆಯ ಕೊಪ್ಪಳಕ್ಕೆ ಇದೆ, ಗದಗಕ್ಕೆ ಇಲ್ಲ. ಮುಂಡರಗಿ, ಗಜೇಂದ್ರಗಡದ ಕಡೆ ಈ ಗೊಂದಲ ಜಾಸ್ತಿ.

ಪುಸ್ತಕ: ಕಡಿಮೆ ಇರಲಿ

ನಮ್ಮ ಪಿಯು ಬೋರ್ಡಿನ ವಿಜ್ಞಾನ ಪುಸ್ತಕಗಳಲ್ಲಿರುವುದು ಎನ್‌ಸಿಇಆರ್‌ಟಿ ಪಾಠಗಳೇ. ಅಂದರೆ ಕಾಲೇಜಿನ ಓದು ಬೇರೆ, ನೀಟ್ ಓದು ಬೇರೆ ಅಲ್ಲ. ಇದು ನಿಮಗಿರುವ ದೊಡ್ಡ ಅನುಕೂಲ. ಎರಡು ವರ್ಷದ ಪುಸ್ತಕಗಳನ್ನೂ ಒಮ್ಮೆಗೇ ತಂದಿಟ್ಟುಕೊಳ್ಳಿ. ಎನ್‌ಸಿಇಆರ್‌ಟಿ ಜಾಲತಾಣದಲ್ಲಿ ಪಿಡಿಎಫ್ ಉಚಿತ, ಆದರೆ ಓದಲು ಅಚ್ಚಾದ ಪುಸ್ತಕವೇ ಬೇಕು, ಯಾಕೆಂದರೆ ಅದರ ಮೇಲೆ ಗೆರೆ ಎಳೆಯಬೇಕು, ಅಂಚಿನಲ್ಲಿ ಬರೆಯಬೇಕು.

ಸೀನಿಯರ್‌ಗಳಿಂದ ಹಳೇ ಪುಸ್ತಕ ತರುವುದಾದರೆ ಒಂದು ಎಚ್ಚರಿಕೆ. 2024ರ ನೀಟ್‌ನಿಂದ ಪಠ್ಯಕ್ರಮ ಕಡಿಮೆಯಾಗಿದೆ. ಜೀವಶಾಸ್ತ್ರದಲ್ಲಿ ಸಸ್ಯಗಳಲ್ಲಿ ಸಾಗಾಣಿಕೆ, ಖನಿಜ ಪೋಷಣೆ, ಜೀರ್ಣಕ್ರಿಯೆ, ಪರಿಸರ ಸಮಸ್ಯೆಗಳು ಹೋಗಿವೆ. ರಸಾಯನಶಾಸ್ತ್ರದಲ್ಲಿ ಘನಸ್ಥಿತಿ, ಎಸ್ ಬ್ಲಾಕ್, ಪಾಲಿಮರ್, ಮೇಲ್ಮೈ ರಸಾಯನಶಾಸ್ತ್ರ ಹೋಗಿವೆ. ಹಳೇ ಪುಸ್ತಕದಲ್ಲೂ ಹಳೇ ಪ್ರಶ್ನೆಪತ್ರಿಕೆಯಲ್ಲೂ ಇವು ಇರುತ್ತವೆ. ಎನ್‌ಎಂಸಿ (ರಾಷ್ಟ್ರೀಯ ವೈದ್ಯಕೀಯ ಆಯೋಗ) ಪ್ರಕಟಿಸಿದ ಪಠ್ಯಕ್ರಮವನ್ನು ಪ್ರಿಂಟ್ ಹಾಕಿಸಿ ಓದುವ ಮೇಜಿನ ಎದುರು ಅಂಟಿಸಿ. ಅದರಲ್ಲಿ ಇಲ್ಲದ್ದನ್ನು ಓದಬೇಡಿ. ಅದರಲ್ಲಿ ಇದ್ದು ಪುಸ್ತಕದಲ್ಲಿ ಇಲ್ಲದ್ದೂ ಸ್ವಲ್ಪ ಇದೆ, ಅದನ್ನು ಬಿಡಬೇಡಿ. ಅಂಥ ಒಂದು ಉದಾಹರಣೆ ಮುಂದೆ ಕೊಡುತ್ತೇನೆ.

ಎನ್‌ಸಿಇಆರ್‌ಟಿ ಜೊತೆಗೆ ಪ್ರತಿ ವಿಷಯಕ್ಕೆ ಒಂದು ಪ್ರಶ್ನೆಗಳ ಪುಸ್ತಕ, ಜೊತೆಗೆ ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆ. ಇಷ್ಟು ಸಾಕು. ಧಾರವಾಡದ ಸುಭಾಷ್ ರಸ್ತೆಗೆ ಹೋದರೆ ಹತ್ತು ತರದ ಗೈಡ್ ಕಾಣುತ್ತವೆ, ಎಲ್ಲವೂ ಬೇಕು ಅನ್ನಿಸುತ್ತದೆ. ಒಂದನ್ನು ಮೂರು ಸಲ ಮುಗಿಸಿದವರು ಮೂರನ್ನು ಅರ್ಧರ್ಧ ಓದಿದವರಿಗಿಂತ ಯಾವಾಗಲೂ ಮುಂದಿರುತ್ತಾರೆ.

ಜೀವಶಾಸ್ತ್ರ: ಸಾಲಿನ ಒಳಗೆ ಇಳಿಯಿರಿ

ಮಕ್ಕಳು ಬಂದು "ಸರ್, ಪಾಠ ಓದಿದೆ, ಎಲ್ಲಾ ಬಂತು" ಅನ್ನುತ್ತಾರೆ. ಪುಸ್ತಕ ಮುಚ್ಚಿಸಿ ಎರಡು ಪ್ರಶ್ನೆ ಕೇಳಿದರೆ ಬರುವುದಿಲ್ಲ. ಕಣ್ಣಿಗೆ ಪರಿಚಯವಾದದ್ದನ್ನು ಗೊತ್ತಾಯಿತು ಅಂದುಕೊಳ್ಳುವುದೇ ತೊಂದರೆ. ಹೀಗೆ ಮಾಡಿ ನೋಡಿ.

ಸೆಕೆಂಡ್ ಪಿಯು ಪುಸ್ತಕದಲ್ಲಿ ಬಿಟಿ ಹತ್ತಿಯ ಬಗ್ಗೆ ಚಿಕ್ಕ ಭಾಗವಿದೆ. ನಮ್ಮ ಕಡೆ ಹತ್ತಿ ಬೆಳೆಯುವ ಮನೆಯ ಮಕ್ಕಳಿಗೆ ಬಿಟಿ ಬೀಜದ ಪ್ಯಾಕೆಟ್ ಚಿಕ್ಕಂದಿನಿಂದ ಗೊತ್ತು. ಈಗ ಪುಸ್ತಕ ಏನು ಹೇಳುತ್ತದೆ ನೋಡೋಣ. ಬ್ಯಾಸಿಲಸ್ ಥುರಿಂಜಿಯೆನ್ಸಿಸ್ ಅನ್ನುವ ಬ್ಯಾಕ್ಟೀರಿಯಾ ಒಂದು ವಿಷದ ಪ್ರೊಟೀನ್ ತಯಾರಿಸುತ್ತದೆ. ಬ್ಯಾಕ್ಟೀರಿಯಾದ ಒಳಗೆ ಅದು ಹರಳಾಗಿ, ನಿಷ್ಕ್ರಿಯ ರೂಪದಲ್ಲಿರುತ್ತದೆ. ಕೀಟ ಅದನ್ನು ತಿಂದಾಗ, ಕರುಳಿನ ಕ್ಷಾರೀಯ ವಾತಾವರಣದಲ್ಲಿ ಹರಳು ಕರಗಿ ಸಕ್ರಿಯವಾಗುತ್ತದೆ. ಮಧ್ಯಕರುಳಿನ ಜೀವಕೋಶಗಳಲ್ಲಿ ರಂಧ್ರ ಮಾಡುತ್ತದೆ. ಕೋಶ ಊದಿ ಒಡೆಯುತ್ತದೆ, ಹುಳು ಸಾಯುತ್ತದೆ. ಕ್ರೈ1ಎಸಿ ಮತ್ತು ಕ್ರೈ2ಎಬಿ ಜೀನ್‌ಗಳು ಹತ್ತಿಯ ಕಾಯಿಕೊರಕಕ್ಕೆ, ಕ್ರೈ1ಎಬಿ ಗೋವಿನಜೋಳದ ಕೊರಕಕ್ಕೆ.

ಇಷ್ಟರಲ್ಲಿ ಎಷ್ಟು ಪ್ರಶ್ನೆ ಅಡಗಿವೆ? ಬ್ಯಾಕ್ಟೀರಿಯಾ ಯಾಕೆ ತಾನೇ ಸಾಯುವುದಿಲ್ಲ? ಸಕ್ರಿಯವಾಗುವುದು ಆಮ್ಲೀಯದಲ್ಲೋ ಕ್ಷಾರೀಯದಲ್ಲೋ? ರಂಧ್ರ ಎಲ್ಲಿ ಆಗುತ್ತದೆ? ಯಾವ ಜೀನ್ ಯಾವ ಹುಳುವಿಗೆ? ಹೇಳಿಕೆ ಸರಿ, ಕಾರಣ ಸರಿ, ಆದರೆ ಆ ಕಾರಣ ಆ ಹೇಳಿಕೆಗೆ ವಿವರಣೆಯೇ? ನೀಟ್ ಕೇಳುವುದೇ ಹೀಗೆ. ಹೇಳಿಕೆ ಮತ್ತು ಕಾರಣ, ಹೊಂದಿಸಿ ಬರೆಯಿರಿ, ಎರಡು ಹೇಳಿಕೆಗಳಲ್ಲಿ ಯಾವುದು ಸರಿ. ಒಂದು ಪ್ಯಾರಾ ಓದಿದ ಮೇಲೆ ಅದರಿಂದ ನೀವೇ ಐದು ಪ್ರಶ್ನೆ ಮಾಡಿ ಅಂಚಿನಲ್ಲಿ ಬರೆಯಿರಿ. ಮರುದಿನ ಪಾಠ ಓದುವ ಮೊದಲು ಆ ಪ್ರಶ್ನೆಗಳಿಗಷ್ಟೇ ಉತ್ತರ ಹೇಳಿ. ಬಾರದಿದ್ದ ಕಡೆ ಮಾತ್ರ ಮತ್ತೆ ಓದಿ. ಮೊದಲ ವಾರ ಬಹಳ ನಿಧಾನ ಅನ್ನಿಸುತ್ತದೆ. ಗಂಟೆಗೆ ಎರಡು ಮೂರು ಪುಟ ಆದರೆ ಹೆಚ್ಚು. ತಡೆದುಕೊಳ್ಳಿ, ವೇಗ ತಾನಾಗಿ ಬರುತ್ತದೆ.

ಈಗ ಆ ಮುಂಚೆ ಹೇಳಿದ ಉದಾಹರಣೆ. ಹೂಬಿಡುವ ಸಸ್ಯಗಳ ರಚನೆ ಅನ್ನುವ ಪಾಠದಲ್ಲಿ ಈಗಿನ ಪುಸ್ತಕ ವಿವರಿಸುವುದು ಸೊಲನೇಸಿ ಕುಟುಂಬವನ್ನು. ಪಠ್ಯಕ್ರಮದಲ್ಲಿ ಇರುವುದು ಬೇರೆ ಐದು: ಮಾಲ್ವೇಸಿ, ಕ್ರೂಸಿಫೆರಿ, ಲೆಗ್ಯುಮಿನೋಸಿ, ಕಂಪೋಸಿಟೆ, ಗ್ರಾಮಿನೆ. ಮಕ್ಕಳು ಇದನ್ನು ಗೈಡಿನ ಟೇಬಲ್ ನೋಡಿ ಉರು ಹೊಡೆಯುತ್ತಾರೆ, ವಾರದಲ್ಲಿ ಮರೆಯುತ್ತಾರೆ. ಆದರೆ ಈ ಆರೂ ಕುಟುಂಬ ನಮ್ಮ ಎರೆಹೊಲದಲ್ಲೇ ಬೆಳೆಯುತ್ತವೆ ಅಲ್ವಾ! ಬ್ಯಾಡಗಿ ಮೆಣಸಿನಕಾಯಿ ಸೊಲನೇಸಿ. ಹತ್ತಿ, ಬೆಂಡಿ ಮಾಲ್ವೇಸಿ. ಸಾಸಿವೆ, ಮೂಲಂಗಿ ಕ್ರೂಸಿಫೆರಿ. ಶೇಂಗಾ, ಕಡಲೆ, ಹೆಸರು, ತೊಗರಿ ಲೆಗ್ಯುಮಿನೋಸಿ. ಸೂರ್ಯಕಾಂತಿ, ಕುಸುಬಿ ಕಂಪೋಸಿಟೆ. ಜೋಳ, ಗೋವಿನಜೋಳ, ಗೋಧಿ ಗ್ರಾಮಿನೆ.

ಹೊಲಕ್ಕೆ ಹೋದಾಗ ಒಂದು ಬ್ಲೇಡು, ಒಂದು ನೋಟ್‌ಬುಕ್ ಒಯ್ಯಿರಿ. ಹತ್ತಿಯ ಮೊಗ್ಗು ಕಿತ್ತು ದಳಗಳನ್ನು ನೋಡಿ. ಒಂದು ದಳದ ಅಂಚು ಮುಂದಿನದರ ಮೇಲೆ, ಅದರ ಅಂಚು ಅದರ ಮುಂದಿನದರ ಮೇಲೆ, ಹೀಗೆ ಸುತ್ತಿಕೊಂಡಿರುತ್ತದೆ. ಪುಸ್ತಕ ಟ್ವಿಸ್ಟೆಡ್ ಈಸ್ಟಿವೇಷನ್ ಅನ್ನುವುದು ಇದನ್ನೇ, ಪುಸ್ತಕದ ಉದಾಹರಣೆಯಲ್ಲೂ ಹತ್ತಿ ಇದೆ. ಹಿಂಗಾರಿಯಲ್ಲಿ ಕಡಲೆ ಹೂ ಬಿಟ್ಟಾಗ ಒಂದನ್ನು ಬಿಡಿಸಿ: ಹಿಂದೆ ದೊಡ್ಡದೊಂದು ದಳ, ಪಕ್ಕದಲ್ಲಿ ಎರಡು ರೆಕ್ಕೆ, ಒಳಗೆ ಸೇರಿಕೊಂಡ ಎರಡು ದಳ. ಅದು ವೆಕ್ಸಿಲರಿ. ಬಟಾಣಿ ಕಾಯಿ ಬಿಡಿಸಿದರೆ ಕಾಳು ಒಂದೇ ಅಂಚಿಗೆ ಸಾಲಾಗಿ ಅಂಟಿರುತ್ತದೆ, ಅದು ಮಾರ್ಜಿನಲ್ ಪ್ಲಾಸೆಂಟೇಷನ್. ಟೊಮೆಟೋ ಅಡ್ಡ ಕೊಯ್ದರೆ ನಡುವಿನ ಅಕ್ಷಕ್ಕೆ ಬೀಜ ಅಂಟಿದ್ದು ಕಾಣುತ್ತದೆ, ಅದು ಆಕ್ಸೈಲ್. ಸೂರ್ಯಕಾಂತಿಯ ಒಂದು ಹೂವು ನಿಜಕ್ಕೂ ನೂರಾರು ಹೂವುಗಳ ಗುಂಪು ಅನ್ನುವುದನ್ನು ಒಂದು ಸಲ ಬಿಡಿಸಿ ನೋಡಿದ ಮಗು ಪರೀಕ್ಷೆಯಲ್ಲಿ ತಪ್ಪುವುದಿಲ್ಲ. ರೈತರ ಮನೆಯ ಮಕ್ಕಳು "ನಮಗೇನೂ ಸೌಲಭ್ಯ ಇಲ್ಲ" ಅನ್ನುವಾಗ ನನಗೆ ಇದನ್ನೇ ಹೇಳಬೇಕು ಅನ್ನಿಸುತ್ತದೆ. ಈ ಪಾಠದ ಮಟ್ಟಿಗೆ ನಿಮಗಿರುವ ಸೌಲಭ್ಯ ಯಾವ ದೊಡ್ಡ ಊರಿನ ಮಕ್ಕಳಿಗೂ ಇಲ್ಲ.

ದ್ಯುತಿಸಂಶ್ಲೇಷಣೆಯ ಪಾಠದಲ್ಲಿ ಸಿ4 ಸಸ್ಯಗಳು ಬಂದಾಗಲೂ ಜೋಳ ಮತ್ತು ಗೋವಿನಜೋಳವನ್ನೇ ನೆನಪಿಸಿಕೊಳ್ಳಿ. ಬಿಸಿಲಿನ ನಾಡಿನಲ್ಲಿ ಜೋಳ ಯಾಕೆ ನಿಲ್ಲುತ್ತದೆ ಅನ್ನುವುದಕ್ಕೆ ಒಂದು ಕಾರಣ ಅಲ್ಲೇ ಸಿಗುತ್ತದೆ.

ಶುರು ಮಾಡಲು ನನ್ನ ಸಲಹೆ ಜೀವಕೋಶದ ಪಾಠ. ಅದಾದ ಮೇಲೆ ಜೈವಿಕ ಅಣುಗಳು, ಕೋಶ ವಿಭಜನೆ. ಪ್ರಾಣಿ ಸಾಮ್ರಾಜ್ಯದಲ್ಲಿ ಹೆಸರುಗಳು ಬಹಳ, ಅದನ್ನೇ ಮೊದಲು ಹಿಡಿದರೆ ಎಷ್ಟೋ ಮಕ್ಕಳಿಗೆ ವಿಷಯವೇ ಬೇಸರವಾಗುತ್ತದೆ. ಕಾಲೇಜಿನಲ್ಲಿ ಪಾಠ ಯಾವ ಕ್ರಮದಲ್ಲಿ ನಡೆಯುತ್ತದೋ ಅದರ ಜೊತೆ ಹೋಗುವುದೂ ಸರಿಯೇ. ಚಿತ್ರಗಳನ್ನು ಮಾತ್ರ ಬಿಡಬೇಡಿ, ಅವುಗಳ ಕೆಳಗಿನ ಸಾಲುಗಳನ್ನೂ.

ಭೌತಶಾಸ್ತ್ರ: ಹೆದರಿಕೆ ಇಲ್ಲೇ ಇರುವುದು

ನಮ್ಮ ಮಕ್ಕಳು ಸೀಟು ಕಳೆದುಕೊಳ್ಳುವುದು ಹೆಚ್ಚಾಗಿ ಭೌತಶಾಸ್ತ್ರದಲ್ಲಿ. ಕಾರಣ ಬುದ್ಧಿ ಕಡಿಮೆ ಅಂತಲ್ಲ, ಗಣಿತದ ಅಡಿಪಾಯ. ಮೊದಲ ಪಾಠಕ್ಕೆ ಹೋಗುವ ಮುಂಚೆ ಎರಡು ವಾರ ಇಷ್ಟು ಮಾಡಿ: ಭಿನ್ನರಾಶಿ, ಘಾತಾಂಕ, ಹತ್ತರ ಘಾತಗಳು, ಸರಳ ತ್ರಿಕೋನಮಿತಿ, ವರ್ಗ ಸಮೀಕರಣ, ಗ್ರಾಫ್ ಓದುವುದು. ಪರೀಕ್ಷೆಯಲ್ಲಿ ಕ್ಯಾಲ್ಕುಲೇಟರ್ ಇಲ್ಲ. 20ರವರೆಗೆ ಮಗ್ಗಿ, 30ರವರೆಗೆ ವರ್ಗ ಬಾಯಿಗೆ ಬರಬೇಕು. ಪಿಸಿಎಂಬಿಯಲ್ಲಿ ಗಣಿತ ಇರುವವರು ಅದನ್ನು "ನೀಟ್‌ಗೆ ಬೇಡ" ಅಂತ ಬಿಡಬೇಡಿ.

ಒಂದು ಲೆಕ್ಕವನ್ನು ಹೇಗೆ ಹಿಂಡಬೇಕು ಅಂತ ತೋರಿಸುತ್ತೇನೆ. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೊರಟ ಚಿಗರಿ ಬಸ್ಸು ಗಂಟೆಗೆ 36 ಕಿಮೀ ವೇಗದಲ್ಲಿದೆ. ಡ್ರೈವರ್ ಬ್ರೇಕ್ ಹಾಕಿದ, 20 ಮೀಟರ್‌ನಲ್ಲಿ ನಿಂತಿತು. ಮೊದಲ ಕೆಲಸ ಮಾನ ಬದಲಾಯಿಸುವುದು: ಗಂಟೆಗೆ 36 ಕಿಮೀ ಅಂದರೆ ಸೆಕೆಂಡಿಗೆ 10 ಮೀಟರ್. ಕೊನೆಯ ವೇಗ ಸೊನ್ನೆ. ವೇಗದ ವರ್ಗ 100, ಅದು 2 × ವೇಗ ಇಳಿಕೆ × 20ಕ್ಕೆ ಸಮ. ಹಾಗಾಗಿ ವೇಗ ಇಳಿಕೆ 2.5. ನಿಲ್ಲಲು ಹಿಡಿದ ಸಮಯ 10 ÷ 2.5, ಅಂದರೆ 4 ಸೆಕೆಂಡ್.

ಉತ್ತರ ಬಂತು ಅಂತ ಮುಂದಿನ ಲೆಕ್ಕಕ್ಕೆ ಓಡಬೇಡಿ. ಅದೇ ಬ್ರೇಕಿನಲ್ಲಿ ವೇಗ ಎರಡು ಪಟ್ಟಾದರೆ ಎಷ್ಟು ದೂರದಲ್ಲಿ ನಿಲ್ಲುತ್ತದೆ? ದೂರ ವೇಗದ ವರ್ಗಕ್ಕೆ ಅನುಪಾತ, ಆದ್ದರಿಂದ ನಾಲ್ಕು ಪಟ್ಟು, 80 ಮೀಟರ್. ಸೂತ್ರ ಹಾಕದೆ ಬಾಯಲ್ಲೇ ಬಂತು. ನೀಟ್ ಹೆಚ್ಚಾಗಿ ಕೇಳುವುದು ಇಂಥ ಅನುಪಾತದ ಪ್ರಶ್ನೆ. ಈಗ ವೇಗ ಮತ್ತು ಸಮಯದ ಗ್ರಾಫ್ ಬಿಡಿಸಿ, ಗೆರೆಯ ಕೆಳಗಿನ ತ್ರಿಕೋನದ ವಿಸ್ತೀರ್ಣ ತೆಗೆಯಿರಿ: ಅರ್ಧ × 4 × 10, ಅದೇ 20 ಮೀಟರ್. ಒಂದೇ ಲೆಕ್ಕದಲ್ಲಿ ಮೂರು ದಾರಿ. ದಿನಕ್ಕೆ ಇಂಥ ಹದಿನೈದು ಲೆಕ್ಕ ಕೈಯಿಂದ ಬಿಡಿಸಿದರೆ ಸಾಕು. ವಿಡಿಯೋದಲ್ಲಿ ಬೇರೆಯವರು ಬಿಡಿಸುವುದನ್ನು ನೋಡಿದ್ದು ಲೆಕ್ಕಕ್ಕೆ ಬರುವುದಿಲ್ಲ.

ರಸಾಯನಶಾಸ್ತ್ರ

ಇದು ಮೂರು ಭಾಗ, ಮೂರಕ್ಕೂ ಬೇರೆ ಬೇರೆ ಓದು. ಭೌತ ರಸಾಯನಶಾಸ್ತ್ರಕ್ಕೆ ಲೆಕ್ಕ, ಅದರ ಬೀಜ ಮೋಲ್ ಪರಿಕಲ್ಪನೆ. 9 ಗ್ರಾಂ ನೀರು ಅಂದರೆ ಅರ್ಧ ಮೋಲ್, 3.011 × 10²³ ಅಣು, ಪ್ರತಿ ಅಣುವಿಗೆ ಮೂರು ಪರಮಾಣು. ಇದು ಯೋಚಿಸದೆ ಬರುವವರೆಗೆ ಮುಂದೆ ಹೋಗಬೇಡಿ. ಅಜೈವಿಕಕ್ಕೆ ಎನ್‌ಸಿಇಆರ್‌ಟಿ ಸಾಲುಗಳೇ ಸಾಕು, ಆವರ್ತ ಕೋಷ್ಟಕ ಮತ್ತು ರಾಸಾಯನಿಕ ಬಂಧ ಗಟ್ಟಿಯಾದರೆ ಉಳಿದದ್ದು ಹಗುರ. ಸಾವಯವದಲ್ಲಿ ಮೊದಲು ಮೂಲತತ್ವಗಳ ಪಾಠ, ಅದನ್ನು ಹಾರಿಸಿ ಕ್ರಿಯೆಗಳನ್ನು ಉರು ಹೊಡೆದವರು ಸೆಕೆಂಡ್ ಪಿಯುದಲ್ಲಿ ಒದ್ದಾಡುತ್ತಾರೆ. ಲ್ಯಾಬ್‌ನಲ್ಲಿ ಮಾಡುವ ಲವಣ ವಿಶ್ಲೇಷಣೆ, ಟೈಟ್ರೇಷನ್ ಕೂಡ ನೀಟ್ ಪಠ್ಯಕ್ರಮದಲ್ಲಿದೆ. ಭೌತಶಾಸ್ತ್ರದ ಪ್ರಯೋಗಗಳೂ ಇವೆ. ಹಾಗಾಗಿ ಪ್ರಾಯೋಗಿಕ ತರಗತಿಯಲ್ಲಿ ಪಕ್ಕದವರ ರೀಡಿಂಗ್ ನಕಲು ಮಾಡಬೇಡಿ.

ಕನ್ನಡ ಮಾಧ್ಯಮದಿಂದ ಬಂದವರಿಗೆ

ಹಳ್ಳಿಯ ಸರ್ಕಾರಿ ಹೈಸ್ಕೂಲಿನಲ್ಲಿ 90ರ ಮೇಲೆ ತೆಗೆದ ಮಗು ಫಸ್ಟ್ ಪಿಯುದ ಮೊದಲ ತಿಂಗಳು ತರಗತಿಯ ಕೊನೆಯ ಬೆಂಚಿಗೆ ಸರಿಯುವುದನ್ನು ನಾನು ಪ್ರತಿ ವರ್ಷ ನೋಡುತ್ತೇನೆ. ವಿಷಯ ಗೊತ್ತು, ಭಾಷೆ ಅಡ್ಡ ಬರುತ್ತಿದೆ. ಇದು ತಾತ್ಕಾಲಿಕ, ದಯವಿಟ್ಟು ನಂಬಿ. ಸುಮಾರು ಮೂರು ತಿಂಗಳು ದಿನಕ್ಕೆ ಹದಿನೈದು ಪದ ಹಿಡಿಯಿರಿ. ಪದ, ಕನ್ನಡದಲ್ಲಿ ಅರ್ಥ, ಪಕ್ಕದಲ್ಲಿ ಚಿಕ್ಕ ಚಿತ್ರ. ಬರೀ ಅರ್ಥ ಬರೆದರೆ ನಿಲ್ಲುವುದಿಲ್ಲ. ಎಂಟು, ಒಂಬತ್ತು, ಹತ್ತನೇ ತರಗತಿಯ ಇಂಗ್ಲಿಷ್ ಮಾಧ್ಯಮದ ವಿಜ್ಞಾನ ಪುಸ್ತಕ ತಂದು ಓದಿ. ವಿಷಯ ಆಗಲೇ ಗೊತ್ತಿರುವುದರಿಂದ ಭಾಷೆ ಮಾತ್ರ ಕಲಿತಂತಾಗುತ್ತದೆ. ಇದಕ್ಕಿಂತ ಸುಲಭದ ದಾರಿ ನನಗೆ ಗೊತ್ತಿಲ್ಲ.

ನೀಟ್ ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಸಿಗುತ್ತದೆ, 2017ರಿಂದ. ಒಟ್ಟು 13 ಭಾಷೆಗಳಲ್ಲಿ ಕನ್ನಡ ಒಂದು. ಅರ್ಜಿಯಲ್ಲೇ ಆರಿಸಿಕೊಳ್ಳಬೇಕು. ಕನ್ನಡ ಆರಿಸಿದವರಿಗೆ ಕನ್ನಡ ಮತ್ತು ಇಂಗ್ಲಿಷ್ ಎರಡೂ ಇರುವ ಪತ್ರಿಕೆ ಕೊಡುತ್ತಾರೆ. ಅನುವಾದದಲ್ಲಿ ಗೊಂದಲ ಬಂದರೆ ಇಂಗ್ಲಿಷಿನದೇ ಅಂತಿಮ. ಆರಿಸುವುದೋ ಬೇಡವೋ ಅನ್ನುವುದಕ್ಕೆ ನನ್ನ ಸಲಹೆ ಇಷ್ಟೇ: ಹಿಂದಿನ ಒಂದು ಕನ್ನಡ ಪತ್ರಿಕೆಯನ್ನು ಕೂತು ಬಿಡಿಸಿ ನೋಡಿ. ಪಿಯು ಪೂರ್ತಿ ಇಂಗ್ಲಿಷ್‌ನಲ್ಲಿ ಓದಿದವರಿಗೆ ಕನ್ನಡದ ಪಾರಿಭಾಷಿಕ ಪದಗಳೇ ಹೊಸದಾಗಿ ಕಾಣಬಹುದು. ಇಂಗ್ಲಿಷ್ ಪತ್ರಿಕೆ ಬರೆಯುವವರು ಪ್ರಶ್ನೆಯಲ್ಲಿರುವ ನಾಟ್, ಇನ್‌ಕರೆಕ್ಟ್, ಎಕ್ಸೆಪ್ಟ್ ಪದಗಳಿಗೆ ಪೆನ್ನಿನಿಂದ ಗೆರೆ ಹಾಕುವುದನ್ನು ಮೊದಲ ಟೆಸ್ಟ್‌ನಿಂದಲೇ ರೂಢಿ ಮಾಡಿಕೊಳ್ಳಿ.

ದಿನದ ಲೆಕ್ಕ

ಫಸ್ಟ್ ಪಿಯುದಲ್ಲಿ ಕಾಲೇಜು ಬಿಟ್ಟು ದಿನಕ್ಕೆ ನಾಲ್ಕೂವರೆ ಗಂಟೆ ನಿಜವಾದ ಓದು ಸಾಕು. ಹದಿನಾಲ್ಕು ಗಂಟೆ ಓದಿದೆ ಅನ್ನುವವರ ಮಾತಿಗೆ ಗಾಬರಿ ಬೇಡ. ಬೆಳಿಗ್ಗೆ ಒಂದೂವರೆ ಗಂಟೆ ಭೌತಶಾಸ್ತ್ರದ ಲೆಕ್ಕ, ತಲೆ ತಾಜಾ ಇರುತ್ತದೆ. ಸಂಜೆ ಅವತ್ತು ಕಾಲೇಜಿನಲ್ಲಿ ನಡೆದ ರಸಾಯನಶಾಸ್ತ್ರ. ಊಟದ ನಂತರ ಜೀವಶಾಸ್ತ್ರ, ಕೊನೆಯ ಅರ್ಧ ಗಂಟೆ ಹಳೆಯದರ ಪುನರಾವರ್ತನೆ. ಏಳು ಗಂಟೆ ನಿದ್ದೆ. ನಿದ್ದೆಗೆಟ್ಟು ಓದಿದ್ದು ಮರುದಿನ ಉಳಿಯುವುದಿಲ್ಲ. ಓದಿದ ಪಾಠವನ್ನು ಮರುದಿನ, ಒಂದು ವಾರಕ್ಕೆ, ಒಂದು ತಿಂಗಳಿಗೆ ಮತ್ತೆ ನೋಡಲು ಕ್ಯಾಲೆಂಡರಿನಲ್ಲಿ ಗುರುತು ಹಾಕಿ.

ಕುಂದಗೋಳ, ನವಲಗುಂದ, ಶಿಗ್ಗಾವಿ ಕಡೆಯಿಂದ ದಿನಾ ಹುಬ್ಬಳ್ಳಿಗೆ ಓಡಾಡುವ ಮಕ್ಕಳಿಗೆ ಎರಡು ಗಂಟೆಗೂ ಮೇಲೆ ಬಸ್ಸಿನಲ್ಲೇ ಹೋಗುತ್ತದೆ. ಆ ಹೊತ್ತಿನಲ್ಲಿ ಹೊಸ ಪಾಠ ಓದಬೇಡಿ, ಆಗುವುದಿಲ್ಲ. ಅಂಚಿನಲ್ಲಿ ಬರೆದ ಪ್ರಶ್ನೆಗಳನ್ನು ಚಿಕ್ಕ ಚೀಟಿಗಳಿಗೆ ಇಳಿಸಿ ಜೇಬಿನಲ್ಲಿಟ್ಟುಕೊಳ್ಳಿ. ಸೀಟು ಸಿಗದೆ ನಿಂತರೂ ಒಂದು ಕೈಯಲ್ಲಿ ಚೀಟಿ ಹಿಡಿಯಬಹುದು. ಸೆಕೆಂಡ್ ಪಿಯುದಲ್ಲಿ ಈ ಪ್ರಯಾಣ ಬಹಳ ದಣಿಸುತ್ತದೆ, ಆಗ ಹಾಸ್ಟೆಲ್ ಅಥವಾ ಸಂಬಂಧಿಕರ ಮನೆ ಯೋಚಿಸಿ.

ಟೆಸ್ಟ್ ಮತ್ತು ತಪ್ಪುಗಳ ನೋಟ್‌ಬುಕ್

ಪಾಠ ಮುಗಿದ ದಿನವೇ ಆ ಪಾಠದ 45 ಪ್ರಶ್ನೆ, ಗಡಿಯಾರ ಇಟ್ಟುಕೊಂಡು. ತಿಂಗಳಿಗೊಮ್ಮೆ ಅಲ್ಲಿಯವರೆಗಿನ ಎಲ್ಲ ಪಾಠ ಸೇರಿಸಿ ಒಂದು ಟೆಸ್ಟ್. ಪೂರ್ತಿ 180 ಪ್ರಶ್ನೆಯ ಟೆಸ್ಟ್ ಸೆಕೆಂಡ್ ಪಿಯುದಲ್ಲಿ ಸಾಕು, ಮಧ್ಯಾಹ್ನ 2ರಿಂದ 5ರವರೆಗೇ ಬರೆಯಿರಿ, ಯಾಕೆಂದರೆ ಪರೀಕ್ಷೆಯ ಸಮಯ ಅದೇ. ನಮ್ಮ ಕಡೆ ಮೇ ತಿಂಗಳ ಬಿಸಿಲಲ್ಲಿ ಊಟ ಮಾಡಿ ಆ ಹೊತ್ತಿಗೆ ಕಣ್ಣು ಎಳೆಯುತ್ತದೆ. ದೇಹಕ್ಕೆ ಅಭ್ಯಾಸ ಆಗಬೇಕು.

ಅಂಕಕ್ಕಿಂತ ತಪ್ಪುಗಳು ಮುಖ್ಯ. ಪ್ರತಿ ತಪ್ಪನ್ನೂ ಒಂದು ನೋಟ್‌ಬುಕ್‌ನಲ್ಲಿ ಬರೆದು ಪಕ್ಕದಲ್ಲಿ ಕಾರಣ ಹಾಕಿ: ಗೊತ್ತೇ ಇರಲಿಲ್ಲ, ಗೊತ್ತಿದ್ದು ಮರೆತೆ, ಪ್ರಶ್ನೆ ತಪ್ಪು ಓದಿದೆ, ಲೆಕ್ಕದಲ್ಲಿ ಎಡವಿದೆ. ಎರಡು ತಿಂಗಳಲ್ಲಿ ನಿಮ್ಮ ರೋಗ ಯಾವುದು ಅಂತ ನಿಮಗೇ ಕಾಣುತ್ತದೆ. ಮರೆಯುವವರಿಗೆ ಬೇಕಾದ್ದು ಪುನರಾವರ್ತನೆ, ಇನ್ನೊಂದು ಗೈಡ್ ಅಲ್ಲ.

ನೆಗೆಟಿವ್ ಅಂಕದ ಲೆಕ್ಕ ಒಮ್ಮೆ ಮಾಡಿ ನೋಡಿ. 120 ಸರಿ, 40 ತಪ್ಪು: 480ರಲ್ಲಿ 40 ಹೋಗಿ 440. ಅದೇ 120 ಸರಿ, 10 ತಪ್ಪು: 470. ಆ 30 ಅಂಕದ ನಡುವೆ ಸಾವಿರಾರು ರ್ಯಾಂಕ್ ಇರುತ್ತವೆ. ನಾಲ್ಕರಲ್ಲಿ ಎರಡು ಆಯ್ಕೆ ಖಂಡಿತ ತಪ್ಪು ಅಂತ ಗೊತ್ತಿದ್ದರೆ ಉಳಿದೆರಡರಲ್ಲಿ ಒಂದನ್ನು ಆರಿಸುವುದು ಲಾಭವೇ. ಏನೂ ಗೊತ್ತಿಲ್ಲದೆ ಸುಮ್ನೆ ಗುರುತು ಹಾಕುವ ಚಟ ಬೇಡ. ಓಎಂಆರ್ ಹಾಳೆ ತುಂಬುವುದನ್ನೂ ಅಭ್ಯಾಸ ಮಾಡಿ. ಕೊನೆಗೆ ಒಟ್ಟಿಗೆ ತುಂಬುತ್ತೇನೆ ಅನ್ನುವುದು ಅಪಾಯ, ಪುಟಕ್ಕೊಮ್ಮೆ ತುಂಬಿ. ಸಮಯದ ಹಂಚಿಕೆ ಸುಮಾರಾಗಿ ಹೀಗಿರಲಿ: ಜೀವಶಾಸ್ತ್ರ 50 ನಿಮಿಷ, ರಸಾಯನಶಾಸ್ತ್ರ 50, ಭೌತಶಾಸ್ತ್ರ 65, ಉಳಿದದ್ದು ಮರುಪರಿಶೀಲನೆಗೆ.

ಈಗ ಕೋಚಿಂಗ್ ವಿಚಾರ

ಮೂರು ತಿಂಗಳು ಮೇಲೆ ಹೇಳಿದಂತೆ ಓದಿದ ಮಗುವಿಗೆ ತನಗೆ ಎಲ್ಲಿ ಸಹಾಯ ಬೇಕು ಅಂತ ಗೊತ್ತಾಗಿರುತ್ತದೆ. ಭೌತಶಾಸ್ತ್ರಕ್ಕೆ ಮಾತ್ರ ಬೇಕಾದರೆ ಅದಕ್ಕೆ ಮಾತ್ರ ಟ್ಯೂಷನ್ ಹಾಕಿ. ಹುಬ್ಬಳ್ಳಿ, ಧಾರವಾಡದಲ್ಲಿ ಸೇರುವ ಮುಂಚೆ ಈ ವಿಷಯಗಳನ್ನು ಕೇಳಿ: ಪಾಠ ಮಾಡುವವರು ಯಾರು, ಅವರು ವರ್ಷ ಪೂರ್ತಿ ಇರುತ್ತಾರಾ? ಒಂದು ತರಗತಿಯಲ್ಲಿ ಎಷ್ಟು ಮಕ್ಕಳು? ಅನುಮಾನ ಕೇಳಲು ಸಮಯ ಇದೆಯಾ? ಮಧ್ಯದಲ್ಲಿ ಬಿಟ್ಟರೆ ಫೀ ವಾಪಸ್ ಬರುತ್ತದಾ, ಬರವಣಿಗೆಯಲ್ಲಿ ಕೊಡುತ್ತಾರಾ? ಫ್ಲೆಕ್ಸ್ ಮೇಲಿನ ಫೋಟೋ ನೋಡಿ ನಿರ್ಧರಿಸಬೇಡಿ. ಅಲ್ಲೇ ಓದುತ್ತಿರುವ ಸಾಧಾರಣ ಅಂಕದ ನಾಲ್ಕು ಮಕ್ಕಳನ್ನು ಮಾತಾಡಿಸಿ, ನಿಜ ಗೊತ್ತಾಗುತ್ತದೆ. ಸಾಲ ಮಾಡಿ, ಹೊಲ ಒತ್ತೆ ಇಟ್ಟು ಫೀ ಕಟ್ಟಬೇಡಿ. ಆ ಭಾರ ಮಗುವಿನ ತಲೆ ಮೇಲೆ ಕೂರುತ್ತದೆ, ಓದು ಕೆಡುತ್ತದೆ. ಕೇಂದ್ರ ಶಿಕ್ಷಣ ಸಚಿವಾಲಯ ಐಐಟಿ ಕಾನ್ಪುರದ ಜೊತೆ ಸೇರಿ ನಡೆಸುವ ಸಾಥಿ ತಾಣದಲ್ಲಿ ನೀಟ್ ಪಾಠ, ಟೆಸ್ಟ್ ಎಲ್ಲಾ ಉಚಿತವಾಗಿವೆ. ಮೊದಲು ಅದನ್ನು ಬಳಸಿ ನೋಡಿ.

ಪಾಲಕರಿಗೆ

ಪ್ರತಿ ಟೆಸ್ಟ್ ಆದ ಕೂಡಲೇ "ಎಷ್ಟು ಬಂತು" ಅಂತ ಕೇಳಬೇಡಿ, "ಏನು ಕಲಿತೆ" ಅಂತ ಕೇಳಿ. ಮಗು ಮಾತು ಕಡಿಮೆ ಮಾಡಿದರೆ, ಊಟ ಬಿಟ್ಟರೆ, ರಾತ್ರಿ ನಿದ್ದೆ ಬಾರದಿದ್ದರೆ ಓದನ್ನು ಪಕ್ಕಕ್ಕಿಟ್ಟು ಮಾತಾಡಿಸಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416, ಹಗಲು ರಾತ್ರಿ ಉಚಿತ. ಮಕ್ಕಳೇ, ನೀವೂ ಈ ನಂಬರ್ ಫೋನ್‌ನಲ್ಲಿ ಇಟ್ಟುಕೊಳ್ಳಿ. ಎಂಬಿಬಿಎಸ್ ಒಂದೇ ದಾರಿಯಲ್ಲ ಅನ್ನುವುದು ಸಮಾಧಾನದ ಮಾತಲ್ಲ, ವಾಸ್ತವ. ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಬಿಎಸ್ಸಿ ಕೃಷಿ, ಪಶುವೈದ್ಯಕೀಯ, ಫಾರ್ಮಸಿ, ಇವೆಲ್ಲ ಕೆಇಎ ನಡೆಸುವ ಸಿಇಟಿಯ ಮೂಲಕ ಸಿಗುತ್ತವೆ, ಓದುವ ವಿಷಯ ಹೆಚ್ಚುಕಡಿಮೆ ಅದೇ. ಆದ್ದರಿಂದ ಸಿಇಟಿಯನ್ನೂ ಬರೆಸಿ.

ಕಾಗದ ಪತ್ರ ಈಗಲೇ

ನೀಟ್ ಅರ್ಜಿ ಸಾಮಾನ್ಯವಾಗಿ ಫೆಬ್ರವರಿ, ಮಾರ್ಚ್ ಹೊತ್ತಿಗೆ ಬರುತ್ತದೆ. 2025ರಲ್ಲಿ ಶುಲ್ಕ ಸಾಮಾನ್ಯ ವರ್ಗಕ್ಕೆ 1700, ಒಬಿಸಿಗೆ 1600, ಎಸ್‌ಸಿ, ಎಸ್‌ಟಿಗೆ 1000 ರೂಪಾಯಿ ಇತ್ತು. ಅದು ಬೋರ್ಡ್ ಪರೀಕ್ಷೆಯ ಗಡಿಬಿಡಿಯ ಕಾಲ, ಆಗ ತಹಶೀಲ್ದಾರ್ ಕಚೇರಿಗೆ ಅಲೆಯಲು ಆಗುವುದಿಲ್ಲ. ಫಸ್ಟ್ ಪಿಯು ರಜೆಯಲ್ಲೇ ಮುಗಿಸಿ. ಆಧಾರ್ ಮತ್ತು ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಹೆಸರು, ಹುಟ್ಟಿದ ದಿನ ಒಂದೇ ತರ ಇದೆಯಾ ನೋಡಿ. ನಮ್ಮ ಕಡೆ ಅಡ್ಡಹೆಸರು ಒಂದರಲ್ಲಿ ಇದ್ದು ಇನ್ನೊಂದರಲ್ಲಿ ಇಲ್ಲದಿರುವುದು ಬಹಳ ಸಾಮಾನ್ಯ.

ಜಾತಿ ಪ್ರಮಾಣಪತ್ರದಲ್ಲಿ ಎರಡು ಪಟ್ಟಿಗಳಿವೆ. ನೀಟ್ ಅರ್ಜಿ ನೋಡುವುದು ಕೇಂದ್ರದ ಒಬಿಸಿ ಪಟ್ಟಿಯನ್ನು, ಕೆಇಎ ನೋಡುವುದು ರಾಜ್ಯದ ಪ್ರವರ್ಗ 1, 2ಎ, 2ಬಿ, 3ಎ, 3ಬಿ ವರ್ಗಗಳನ್ನು. ರಾಜ್ಯದ ಪ್ರಮಾಣಪತ್ರ ಇದೆ ಅಂತ ಕೇಂದ್ರದ್ದಕ್ಕೆ ಅದನ್ನೇ ಕೊಡಲು ಬರುವುದಿಲ್ಲ, ಬೇಕಾದರೆ ಬೇರೆಯೇ ಮಾಡಿಸಬೇಕು. ರಾಜ್ಯ ಕೋಟಾದ ಸೀಟು ಬೇಕಾದವರು ನೀಟ್ ಬರೆದರೆ ಸಾಲದು, ಕೆಇಎಗೂ ಅರ್ಜಿ ಹಾಕಿರಬೇಕು.

ಒಂದರಿಂದ ಹತ್ತನೇ ತರಗತಿವರೆಗೆ ಹಳ್ಳಿಯಲ್ಲಿ ಓದಿದವರಿಗೆ ರಾಜ್ಯದಲ್ಲಿ 15% ಗ್ರಾಮೀಣ ಮೀಸಲಾತಿ, ಒಂದರಿಂದ ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ 5% ಮೀಸಲಾತಿ ಇದೆ. ಎಷ್ಟೋ ಅರ್ಹ ಮಕ್ಕಳು ಪತ್ರ ಇಲ್ಲದೆ ಇದನ್ನು ಕಳೆದುಕೊಳ್ಳುತ್ತಾರೆ. ನೀವು ಓದಿದ ಪ್ರತಿ ಶಾಲೆಯಿಂದ ಕೆಇಎ ಹೇಳಿದ ನಮೂನೆಯಲ್ಲಿ ವ್ಯಾಸಂಗ ಪ್ರಮಾಣಪತ್ರ ತನ್ನಿ. ಮುಖ್ಯೋಪಾಧ್ಯಾಯರ ಸಹಿಯ ಜೊತೆಗೆ ಬಿಇಒ ಅವರ ಮೇಲುಸಹಿಯೂ ಇರಬೇಕು. ಪ್ರಾಥಮಿಕ ಶಾಲೆ ಒಂದು ತಾಲ್ಲೂಕಿನಲ್ಲಿ, ಹೈಸ್ಕೂಲು ಇನ್ನೊಂದರಲ್ಲಿ ಓದಿದ್ದರೆ ಎರಡೂ ಬಿಇಒ ಕಚೇರಿಗೆ ಹೋಗಬೇಕಾಗುತ್ತದೆ. ಪತ್ರ ಕೈಗೆ ಬಂದ ಮೇಲೆ ಶಾಲೆಯ ದಾಖಲಾತಿ ಸಂಖ್ಯೆ, ಓದಿದ ವರ್ಷ, ಹಳ್ಳಿಯ ಹೆಸರು ಸರಿ ಇದೆಯಾ ಅಂತ ಅಲ್ಲೇ ನಿಂತು ನೋಡಿ, ನಾಲ್ಕು ಜೆರಾಕ್ಸ್ ಮಾಡಿಸಿ, ಸ್ಕ್ಯಾನ್ ಮಾಡಿ ಮೊಬೈಲಿನಲ್ಲೂ ಇಟ್ಟುಕೊಳ್ಳಿ.